ಇಳಿಯಂಗಿಲ್ಲ ಗುಡ್ಡ

ಬಾದಾಮಿಯ ಕಡೆಯಿಂದ ಮಲಪ್ರಭೆಯ ದಂಡೆ ಹಿಡಿದು ಹೋಗುವ ಬಸ್ಸು ಕೆಂಚರಗಟ್ಟಿ ಎಂಬ ಊರನ್ನು ಮುಟ್ಟುವ ಮೊದಲು ಒಂದು ಕೆಂಪು ಗುಡ್ಡದ ಬುಡದಲ್ಲಿ ನಿಲ್ಲುತ್ತದೆ. “ಇಳಿಯಂಗಿಲ್ಲ, ಇಳೀರಿ!” ಎಂದು ಕಂಡಕ್ಟರ್ ಕೂಗಿದರೆ ಹೊಸಬರು ಇಳಿಯಬೇಕೋ ಕೂಡಬೇಕೋ ತಿಳಿಯದೆ ಬಾಗಿಲಲ್ಲಿ ತಡವರಿಸುತ್ತಾರೆ; ಊರವರು ನಗುತ್ತ ಅವರನ್ನು ದಾಟಿ ಇಳಿದು ಹೋಗುತ್ತಾರೆ. ಗುಡ್ಡ ಅಂಥ ಎತ್ತರದ್ದೇನಲ್ಲ. ಬುಡದಲ್ಲಿ ಜಾಲಿ, ನಡುವೆ ಕುರಿಗಳು ತುಳಿದು ಮಾಡಿದ ಕಾಲುಹಾದಿ, ನೆತ್ತಿಯ ಮೇಲೆ ರಾಶಿಯ ಕಣದಷ್ಟು ಅಗಲವಾದ ಮರಳುಗಲ್ಲಿನ ಹಾಸು. ಹಳಬರು ಇದನ್ನು ಬೋಳಗುಡ್ಡ ಎನ್ನುತ್ತಿದ್ದರು. ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ, ಯಾವ ಅರಸನೂ ಇಲ್ಲಿ ದಂಡು ಇಳಿಸಿದ ಸುದ್ದಿಯಿಲ್ಲ. ಆದರೂ ಹೆಸರು ಬದಲಾಯಿತು. ಬದಲಾಯಿಸಿದ್ದು ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳ ಸಿಟ್ಟು ಎನ್ನುತ್ತಾರೆ.

ಹಿಂದೆ ಒಮ್ಮೆ, ಹೊಳೆಗೆ ಇನ್ನೂ ಸೇತುವೆ ಆಗಿರದ ಕಾಲದಲ್ಲಿ, ನಗರದ ವಿಜ್ಞಾನ ಸಂಘವೊಂದು ಪ್ರೌಢಶಾಲೆಯ ಮಕ್ಕಳಿಗೆಂದು ಭೂವಿಜ್ಞಾನದ ತಂಡ ಸ್ಪರ್ಧೆ ಏರ್ಪಡಿಸಿತು. ಒಂದೊಂದು ಶಾಲೆಯಿಂದ ಮೂವರ ತಂಡ. ಕೊನೆಯ ಸುತ್ತು ಬೋಳಗುಡ್ಡದ ಮೇಲೆ: ಬೆಳಗಿನ ಹೊತ್ತು ಗುಡ್ಡವನ್ನು ನೋಡಿ, ಅದು ಹೇಗೆ ಹುಟ್ಟಿತೆಂಬುದನ್ನು ಮಕ್ಕಳೇ ಬರೆದು ಕೊಡಬೇಕು. ಕೆಂಚರಗಟ್ಟಿಯ ಸರಕಾರಿ ಶಾಲೆಯಿಂದ ಹೋದವರು ಸಾವಂತ್ರಿ, ಇಮಾಂಬಿ ಮತ್ತು ಪರಪ್ಪ. ಸಾವಂತ್ರಿ ಊರಿನ ಸಿಂಪಿಗ ಗುರುಬಸಪ್ಪನ ಮಗಳು. ಮಾತು ಕಡಿಮೆ, ನೋಟ ಚುರುಕು. ವಿಜ್ಞಾನ ಕಲಿಸುತ್ತಿದ್ದ ಹುನಗುಂದಿ ಮಾಸ್ತರರು ಆ ಮೂವರನ್ನು ತಿಂಗಳುಗಟ್ಟಲೆ ಹಳ್ಳಕೊಳ್ಳ ತಿರುಗಿಸಿದ್ದರು. ಸ್ಪರ್ಧೆಯ ದಿನ ಮಾತ್ರ ಎಲ್ಲ ಶಾಲೆಗಳ ಮಾಸ್ತರರನ್ನೂ ಬುಡದಲ್ಲಿದ್ದ ಕೆಂಚರಗಟ್ಟಿ ಶಾಲೆಯ ಮೈದಾನದಲ್ಲೇ ಕೂಡಿಸಿದ್ದರು. ಯಾರೂ ಮೇಲೆ ಹೋಗಿರಲಿಲ್ಲ.

ನೆತ್ತಿಯ ಹಾಸುಗಲ್ಲನ್ನು ಕಂಡೊಡನೆ ಸಾವಂತ್ರಿ ಚಪ್ಪಲಿ ಕಳಚಿ ಬರಿಗಾಲಲ್ಲಿ ನಡೆದಳಂತೆ. ಕಲ್ಲಿನ ತುಂಬ ಬೆರಳುದ್ದ ಅಂತರಕ್ಕೊಂದರಂತೆ ಉಬ್ಬಿದ ಏಣುಗಳು, ಹರಿಯುವ ನೀರಿನ ತಳದ ಉಸುಕಿನಲ್ಲಿ ಏಳುವ ಅಲೆಗಳ ಹಾಗೆಯೇ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಅವಳು ಅಂಥವನ್ನು ಎಷ್ಟೋ ಸಲ ತುಳಿದಿದ್ದಳು. ಪ್ರತಿ ಏಣಿಗೂ ಒಂದು ಮಗ್ಗುಲು ಓರೆ, ಇನ್ನೊಂದು ಮಗ್ಗುಲು ಕಡಿದು. ನೀರು ಓರೆಯ ಕಡೆಯಿಂದ ಏರಿ ಕಡಿದಿನ ಕಡೆಗೆ ಬೀಳುತ್ತದೆ ಎಂಬುದು ಅವಳ ಅಂಗಾಲಿಗೇ ಗೊತ್ತಿತ್ತು. ಪರಪ್ಪ ದಿಕ್ಸೂಚಿ ಹಿಡಿದು ನೋಡಿದ. ಎಲ್ಲ ಏಣುಗಳ ಓರೆಯೂ ದಕ್ಷಿಣಕ್ಕೆ. ಇಮಾಂಬಿಯ ಕಣ್ಣಿಗೆ ಮೇಲಿನ ಪದರಿನಲ್ಲಿ ಬತ್ತಿದ ಕೆರೆಯ ತಳದ ಹಾಗೆ ಬಿರುಕುಬಿಟ್ಟ ಗುರುತು ಬಿತ್ತು. ಇಲ್ಲಿ ಹಿಂದೆ ಆಳವಿಲ್ಲದ ನೀರಿತ್ತು, ಅದು ದಕ್ಷಿಣದಿಂದ ಉತ್ತರಕ್ಕೆ ಹರಿಯಿತು, ಆಮೇಲೆ ಒಮ್ಮೆ ಬತ್ತಿ ನೆಲ ಒಡೆಯಿತು ಎಂದು ಮೂವರೂ ಕೂಡಿ ಬರೆದರು. ಬರೆದು ಮುಗಿಸಿದಾಗ ಆದ ಸಂತೋಷ ತನ್ನ ಜನ್ಮದಲ್ಲಿ ಮತ್ತೆ ಆಗಲಿಲ್ಲವೆಂದು ಸಾವಂತ್ರಿ ಮುಂದೆ ಹೇಳುತ್ತಿದ್ದಳು.

ಮಧ್ಯಾಹ್ನ ಮೈದಾನದಲ್ಲಿ ಫಲಿತಾಂಶ ಹೇಳಲು ಎದ್ದವರು ಮುಖ್ಯ ತೀರ್ಪುಗಾರರಾದ ಪ್ರೊಫೆಸರ್ ನಾಡಗೀರ. ಕಲಿತವರು, ನಾಲ್ಕು ಊರು ಕಂಡವರು. ನೀರಿನ ಮಾತನ್ನು ಬೇರೆ ಶಾಲೆಗಳವರೂ ಬರೆದಿದ್ದರು. ಅದು ಹರಿದ ದಿಕ್ಕನ್ನು, ಬತ್ತಿದ ಗುರುತನ್ನು ಬರೆದವರು ಈ ಮೂವರೇ. ಅದೇ ಇವರಿಗೆ ಮುಳುವಾಯಿತು. “ಕೆಂಚರಗಟ್ಟಿಯ ಮಕ್ಕಳ ಉತ್ತರ ಅವರ ವಯಸ್ಸಿಗೂ ಅವರ ಶಾಲೆಗೂ ಮೀರಿದ್ದು. ಯಾರೋ ದೊಡ್ಡವರು ಹೇಳಿ ಬರೆಸಿದ್ದಾರೆ. ನಕಲು ಮಾಡಿದವರಿಗೆ ಇಲ್ಲಿ ಸ್ಥಾನವಿಲ್ಲ,” ಎಂದು ಅವರು ಮೈಕಿನಲ್ಲಿ ಹೇಳಿ, ನಗರದ ಒಂದು ಶಾಲೆಯನ್ನು ಕರೆದು ಬಹುಮಾನ ಕೊಟ್ಟುಬಿಟ್ಟರು. ಮಕ್ಕಳನ್ನು ಒಂದು ಮಾತು ಕೇಳಬೇಕೆಂದು ಅವರಿಗೆ ಅನಿಸಲಿಲ್ಲ. ಹುನಗುಂದಿ ಮಾಸ್ತರರು ಎದ್ದು ನಿಂತು ಬಾಯಿ ತೆರೆಯುವಷ್ಟರಲ್ಲಿ ನೆರೆದವರು ಚಪ್ಪಾಳೆ ಹೊಡೆದು ಅವರ ದನಿಯನ್ನು ಮುಚ್ಚಿದರು. ಅಂಥ ಚಪ್ಪಾಳೆಗೆ ಏನೆನ್ನಬೇಕು? ಊರಿನ ಮಕ್ಕಳನ್ನು ಊರಿನವರೆದುರೇ ಕಳ್ಳರೆಂದು ಕರೆದರೆ ಕೈತಟ್ಟಿ ಕೂಡುವ ಜನವೂ ಆ ಹೊತ್ತು ಅಲ್ಲಿದ್ದರು.

ಸಾವಂತ್ರಿ ಅಳಲಿಲ್ಲ. ಇಮಾಂಬಿಯ ಕೈ ಹಿಡಿದು ಎದ್ದಳು, ಪರಪ್ಪ ಹಿಂದೆ ನಡೆದ. ಮೂವರೂ ಸುಡುಬಿಸಿಲಲ್ಲಿ ಗುಡ್ಡ ಹತ್ತಿ ಹಾಸುಗಲ್ಲಿನ ಮೇಲೆ ಕುಳಿತುಬಿಟ್ಟರು. ಕರೆಯಲು ಬಂದ ಸಂಘದ ಕಾರ್ಯದರ್ಶಿಗೆ ಅವಳು ಹೇಳಿದ್ದು ಇಷ್ಟೇ: “ಇಳಿಯಂಗಿಲ್ರಿ. ನಕಲು ಅಂದವರು ಇಲ್ಲಿಗೆ ಬಂದು ಕೇಳ್ಲಿ.” ಆತ ಗದರಿಸಿ ನೋಡಿದ, ಶಾಲೆಯಿಂದ ಹೆಸರು ಹೊಡೆಸುವೆನೆಂದು ಬೆದರಿಸಿದ. ಅವಳ ಬಾಯಲ್ಲಿ ಅದೇ ಮಾತು. ಸುದ್ದಿ ಊರಿಗೆ ಮುಟ್ಟಿ ಜನ ಮಜ್ಜಿಗೆಯ ತಂಬಿಗೆ ಹಿಡಿದು ಬುಡಕ್ಕೆ ಬಂದರು. ಅವಳ ಅಪ್ಪ ಗುರುಬಸಪ್ಪನೂ ಬಂದ. ಹುಟ್ಟಿದಾಗಿನಿಂದ ಯಾರಿಗೂ ಎದುರು ಮಾತಾಡದ ಮನುಷ್ಯ. ಏದುಸಿರು ಬಿಡುತ್ತ ಹತ್ತಿ, ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತ.

“ಸಾವಂತ್ರೀ, ಏಳವ್ವ. ದೊಡ್ಡಮಂದಿ ಏನೋ ಅಂದ್ರು, ಹೋಗ್ಲಿ ಬಿಡು. ನಮ್ಮಂಥವರು ಹಟ ಹಿಡಿಬಾರ್ದು.”

“ಅಪ್ಪಾ, ನೀ ಹೊಲಿದ ಅಂಗೀನ ಕದ್ದ ತಂದದ್ದು ಅಂತ ಸಂತ್ಯಾಗ ಯಾರರ ಕೂಗಿದ್ರ ನೀ ಸುಮ್ಮನಿರ್ತೀಯೇನು?”

ಗುರುಬಸಪ್ಪ ತಲೆಗೆ ಸುತ್ತಿದ ವಲ್ಲಿಯನ್ನು ಬಿಚ್ಚಿ ಮಕ್ಕಳ ನೆತ್ತಿಗೆ ನೆರಳಾಗುವಂತೆ ಹಿಡಿದು, ತಾನೂ ಅಲ್ಲೇ ಕುಳಿತ. ಅದನ್ನು ಕೆಳಗಿನಿಂದ ಕಂಡ ಜನ ಒಬ್ಬೊಬ್ಬರಾಗಿ ಹತ್ತತೊಡಗಿದರು ಎನ್ನುತ್ತಾರೆ.

ಹೊತ್ತು ವಾಲಿತು. ಅತಿಥಿಗಳ ಜೀಪಿನ ಮುಂದೆ ಹೆಂಗಸರು ಅಡ್ಡ ಕುಳಿತರು. ಬೇರೆ ದಾರಿ ಕಾಣದೆ ಪ್ರೊಫೆಸರರು ಧೋತರದ ಚುಂಗು ಹಿಡಿದು ಗುಡ್ಡ ಹತ್ತಿದರು. ಮೇಲೆ ಬಂದವರೇ, “ದಿಕ್ಕಿನ ಮಾತು ನಿಮಗೆ ಹೇಳಿಕೊಟ್ಟವರು ಯಾರು?” ಎಂದು ಬಿರುಸಾಗಿ ಕೇಳಿದರು.

“ಯಾರೂ ಹೇಳಿಲ್ರಿ. ಕೈ ಇಡ್ರಿ ಇಲ್ಲೆ,” ಎಂದಳು ಸಾವಂತ್ರಿ. “ಈ ಮಗ್ಗಲಾ ಓರೆ ಐತಿ, ಆ ಮಗ್ಗಲಾ ಕಡದೈತಿ. ಹೊಳ್ಯಾಗಿನ ಉಸುಕೂ ಹಿಂಗ ಇರ್ತೈತ್ರಿ. ನೀರು ಯಾಕಡಿಂದ ಬಂತು ನೀವ ಹೇಳ್ರಿ.”

ಅವರು ಬಗ್ಗಿ ಕೈಯಿಟ್ಟರು. ಇಮಾಂಬಿ ಬಿರುಕುಗಳನ್ನು ತೋರಿಸಿದಳು; ಪರಪ್ಪ ದಿಕ್ಸೂಚಿ ಮುಂದೆ ಹಿಡಿದ. ಪ್ರೊಫೆಸರರು ಒಂದಾದ ಮೇಲೊಂದು ಪ್ರಶ್ನೆ ಹಾಕಿದರು, ಮೂವರೂ ತಡವರಿಸದೆ ಉತ್ತರ ಕೊಟ್ಟರು. ಕೊನೆಗೆ ಅವರು ಮೆತ್ತಗಿನ ದನಿಯಲ್ಲಿ, “ಸರಿಯಾಗಿದೆ. ನಿಮ್ಮದೇ ಉತ್ತರ. ಕೊಟ್ಟ ಬಹುಮಾನ ಮರಳಿ ತರಲು ಬರುವುದಿಲ್ಲ, ನಿಮಗೊಂದು ವಿಶೇಷ ಬಹುಮಾನ ಕೊಡಿಸುತ್ತೇನೆ, ಏಳಿ,” ಎಂದರು.

ಸಾವಂತ್ರಿಯ ಮೈಯೆಲ್ಲ ಉರಿಯಿತು. “ಬಹುಮಾನ ಯಾರಿಗೆ ಬೇಕ್ರಿ? ಕಳ್ಳರು ಅಂದದ್ದು ಮೈಕಿನ್ಯಾಗ, ಹೌದಲ್ರಿ? ಸರಿ ಐತಿ ಅನ್ನೂದನ್ನ ಇಲ್ಲಿ ಕಿವ್ಯಾಗ ಹೇಳಿದ್ರ ಹೆಂಗ? ಮೈಕಿನ್ಯಾಗ ಅಂದದ್ದು ಮೈಕಿನ್ಯಾಗ ವಾಪಸ್ ತಗೋರಿ. ಅಲ್ಲೀಮಟ ಇಳಿಯಂಗಿಲ್ಲ.”

ಪ್ರೊಫೆಸರರ ಮುಖ ಕಪ್ಪಿಟ್ಟಿತು. ಸುತ್ತ ನೆರೆದ ಜನರಲ್ಲಿ ಯಾರೂ ಅವರ ನೆರವಿಗೆ ಬರಲಿಲ್ಲ. ಅವರು ಬೆನ್ನು ತಿರುಗಿಸಿ ಇಳಿದು ಹೋದರು. ಅವರು ಮೈಕಿನಲ್ಲಿ ಹೇಳುವರೋ, ಹಾದಿ ಬಿಡಿಸಿಕೊಂಡು ಜೀಪು ಹತ್ತಿ ಹೋಗಿಯೇಬಿಡುವರೋ ಯಾರಿಗೂ ಗೊತ್ತಿರಲಿಲ್ಲ. ತುಸು ಹೊತ್ತಿನ ಮೇಲೆ ಕೆಳಗೆ ಮೈಕು ಕಿರ್ರೆಂದಿತು. “ಕೆಂಚರಗಟ್ಟಿಯ ಮಕ್ಕಳು ನಕಲು ಮಾಡಿಲ್ಲ. ಉತ್ತರ ಅವರದೇ. ವಿಚಾರಿಸದೆ ಆಡಿದ ಮಾತು ನನ್ನ ತಪ್ಪು,” ಎಂಬ ದನಿ ಗುಡ್ಡಕ್ಕೆ ಬಡಿದು ಹೊಳೆಯ ಆಚೆ ದಂಡೆಗೂ ಹೋಯಿತು. ಆಗ ಸಾವಂತ್ರಿ ಎದ್ದಳು. ಕಾಲು ಜೋಮು ಹಿಡಿದು ನಿಲ್ಲಲಾಗದೆ ಅಪ್ಪನ ಹೆಗಲಿಗೆ ಬಿದ್ದು, ಆ ದಿನ ಮೊದಲ ಸಲ ಅತ್ತಳು.

ಮೂರು ಹಗಲು ಮೂರು ಇರುಳು ಕುಳಿತರೆಂದು ಕಥೆ ಬೆಳೆಸುವವರಿದ್ದಾರೆ. ಅದು ಹೆಚ್ಚಿನ ಮಾತು. ಹೊತ್ತು ಮುಳುಗುವ ಮೊದಲೇ ಎಲ್ಲರೂ ಇಳಿದಿದ್ದರು. ಬಹುಮಾನವಂತೂ ನಗರದ ಶಾಲೆಯಲ್ಲೇ ಉಳಿಯಿತು. ತಪ್ಪು ಒಪ್ಪಿಕೊಂಡ ಮೇಲೂ ಅದನ್ನು ಹಕ್ಕುದಾರರಿಗೆ ಮುಟ್ಟಿಸಬೇಕೆಂದು ಸಂಘದಲ್ಲಿ ಒಬ್ಬರಿಗೂ ತೋಚಲಿಲ್ಲ. ಇದನ್ನು ಹೇಳುವಾಗ ಕೆಂಚರಗಟ್ಟಿಯ ಹಿರಿಯರ ದನಿ ಇಂದಿಗೂ ಏರುತ್ತದೆ. ಸಾವಂತ್ರಿ ಮುಂದೆ ಇದೇ ಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿಯಾಗಿ, ಮಕ್ಕಳನ್ನು ಗುಡ್ಡಕ್ಕೆ ಕರೆತರುತ್ತ ನಿವೃತ್ತಳಾದಳು. ಬೋಳಗುಡ್ಡ ಎಂಬ ಹೆಸರು ಜನರ ಬಾಯಿಂದ ಯಾವಾಗ ಜಾರಿತೋ ಯಾರೂ ಗಮನಿಸಲಿಲ್ಲ.

ಈಗಲೂ ನೋಡಲು ಬಂದವರು ನೆತ್ತಿಯ ಮೇಲೆ ಆ ಏಣುಗಳನ್ನು ಕಾಣಬಹುದು. ಸಂಜೆಯ ಓರೆ ಬಿಸಿಲು ಬಿದ್ದಾಗ ಅವು ಎದ್ದು ತೋರುತ್ತವೆ. ಮುಂಗಾರಿನ ಮೊದಲ ಮಳೆಯ ನೀರು ತಗ್ಗುಗಳಲ್ಲಿ ನಿಂತಾಗ ಹಾಸೆಲ್ಲ ಈಗ ತಾನೆ ಹೊಳೆ ಇಳಿದುಹೋದ ಹಾಗೆ ಇರುತ್ತದೆ. ಮೇಲಿನ ಪದರಿನ ಬಿರುಕುಗಳಲ್ಲಿ ಇರುವೆಗಳು ಸಾಲುಗಟ್ಟಿ ಓಡಾಡುತ್ತವೆ. ಗಾಳಿ ಇಲ್ಲದ ದಿನ ಅಲ್ಲಿ ಸುಮ್ಮನೆ ಕುಳಿತರೆ, ಕೆಳಗಿನ ಶಾಲೆಯ ಚಿಕ್ಕ ಮಕ್ಕಳು ಒಕ್ಕೊರಲಿನಿಂದ ಹೇಳುವ ಮಗ್ಗಿಯ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ.