ಬೆಟ್ಟಗಳು ಓಗೊಡಲು ಕಲಿತದ್ದು

ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಎಲ್ಲಿ ಹುಟ್ಟಬೇಕು, ಎಲ್ಲಿ ಮುಳುಗಬೇಕು ಎನ್ನುವುದು ಸೂರ್ಯನಿಗೆ ಆಗಷ್ಟೇ ರೂಢಿಯಾಗುತ್ತಿತ್ತು. ಭೂಮಿತಾಯಿ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗಲೆಲ್ಲ ನೆಲ ಅಲ್ಲಲ್ಲಿ ಮೇಲೆದ್ದು ಹಾಗೇ ನಿಂತುಬಿಡುತ್ತಿತ್ತು. ಕೆಲವು ಮೋಡ ಮುಟ್ಟುವಷ್ಟು ಎತ್ತರ, ಕೆಲವು ಕುರಿಮರಿ ಹತ್ತಿ ಇಳಿಯುವಷ್ಟು.

ಅವಕ್ಕೆಲ್ಲ ಜನ ಇಟ್ಟಿದ್ದು ಒಂದೇ ಹೆಸರು, ಉಬ್ಬು. ದೊಡ್ಡದೂ ಉಬ್ಬು, ಚಿಕ್ಕದೂ ಉಬ್ಬು. ಚೂಪಾದದ್ದೂ ಉಬ್ಬು, ಚಪ್ಪಟೆಯದೂ ಉಬ್ಬು.

ಹೊಳೆಯ ದಡದಲ್ಲಿ ಬೊಮ್ಮಕ್ಕ ಎಂಬವಳಿದ್ದಳು. ತೊಗಲಿನ ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುವುದು ಅವಳ ಕಸುಬು. ತನ್ನವಳು ಅಂತ ಅವಳಿಗಿದ್ದವಳು ತಂಗಿ ಕೆಂಚಿ ಒಬ್ಬಳೇ, ಅವಳೇ ಎತ್ತಿ ಆಡಿಸಿ ಬೆಳೆಸಿದ ತಂಗಿ. ಬಾಣಂತನ ಮುಗಿಸಿದ್ದ ಕೆಂಚಿ ಒಂದು ದಿನ ನಸುಕಿನಲ್ಲೇ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಕುರಿ ಹೊಡೆದುಕೊಂಡು ದೂರದ ಬಯಲಿಗೆ ಹೋಗಿದ್ದಳು.

ಬೆಳಿಗ್ಗೆ ಹೊಳೆ ಬೊಮ್ಮಕ್ಕನ ಕಾಲಿಗೆ ಬಂದು ತಾಕಿತು. ಮೇಲುಸೀಮೆಯಲ್ಲಿ ಮೋಡ ಒಡೆದಿದೆ, ಇವತ್ತು ನನ್ನನ್ನು ನಾನೇ ತಡೆಯಲಾರೆ, ನಿನ್ನವರನ್ನು ಕರೆದುಕೊಂಡು ಎಲ್ಲಾದರೂ ಮೇಲೆ ಹೋಗು ಎಂದಿತು.

ಬೊಮ್ಮಕ್ಕ ಗಾಳಿಯನ್ನು ಕರೆದಳು. ಉಬ್ಬಿನ ಮೇಲೆ ಹತ್ತಲಿ, ನಾನೂ ಅಲ್ಲಿಗೇ ಬರುತ್ತೇನೆ ಎಂದು ತಂಗಿಗೆ ಹೇಳಿಕಳಿಸಿದಳು. ಗಾಳಿ ಓಡಿತು, ಒಂದು ಮಾತೂ ಬಿಡದೆ ಹೇಳಿತು. ಬೊಮ್ಮಕ್ಕ ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು, ದಡದ ಜನರ ಜೊತೆ ಎಲ್ಲಕ್ಕಿಂತ ದೊಡ್ಡ ಉಬ್ಬನ್ನು ಹತ್ತಿದಳು. ಕೆಂಚಿ ತನಗೆ ಹತ್ತಿರವಿದ್ದದ್ದನ್ನು ಹತ್ತಿದಳು.

ಮಧ್ಯಾಹ್ನದ ಹೊತ್ತಿಗೆ ಬಯಲೆಲ್ಲ ನೀರು. ಕೆಂಚಿಯ ಸುಳಿವಿಲ್ಲ. ಬೊಮ್ಮಕ್ಕ ಕೇಳಿದಾಗ ಗಾಳಿ ತಲೆ ತಗ್ಗಿಸಿತು.

"ಉಬ್ಬು ಅಂದೆ, ಅವಳು ಹತ್ತಿದಳು. ಯಾವ ಉಬ್ಬು ಅಂತ ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಮಳೆಯಲ್ಲಿ ನೆನೆದ ಹದ್ದೊಂದು ಬಂದು ಕೂತಿತು. ಕೂಸನ್ನು ತಲೆಯ ಮೇಲೆ ಹೊತ್ತ ಹೆಂಗಸನ್ನು ತಾನು ಕಂಡೆ, ನೀರು ಅವಳ ಪಾದಕ್ಕೆ ಬಂದಿತ್ತು ಎಂದಿತು. ಎಲ್ಲಿ ಎಂದರೆ ಅದೂ ಉಬ್ಬಿನ ಮೇಲೆ ಎಂದೇ ಹೇಳಿತು. ಮಳೆ ಎಷ್ಟು ದಟ್ಟವಾಗಿತ್ತೆಂದರೆ ಅದಕ್ಕೆ ಬಂದ ದಾರಿಯೂ ನೆನಪಿರಲಿಲ್ಲ.

ಬೊಮ್ಮಕ್ಕ ಉಬ್ಬುಗಳನ್ನೇ ಕೂಗಿ, ನನ್ನ ತಂಗಿ ಎಲ್ಲಿದ್ದಾಳೆ ಎಂದು ಕೇಳಿದಳು. ಒಂದೂ ಮಾತಾಡಲಿಲ್ಲ. ಕೊನೆಗೆ ಅವಳ ಕಾಲಡಿಯದು ಮೆಲ್ಲಗೆ ಹೇಳಿತು:

"ಎಲ್ಲರಿಗೂ ಕೇಳಿಸಿತು, ತಾಯಿ. ಯಾರನ್ನು ಕರೆದೆ ಅಂತ ಯಾರಿಗೂ ತಿಳಿಯಲಿಲ್ಲ."

ಬೊಮ್ಮಕ್ಕ ಬಗ್ಗಿ ಆ ಕಲ್ಲಿನ ಮೇಲೆ ಅಂಗೈ ಇಟ್ಟಳು. ಇಷ್ಟು ದಿನ ಅದರ ನೆರಳಲ್ಲೇ ಬದುಕಿದ್ದರೂ ಅವಳು ಅದನ್ನು ಸರಿಯಾಗಿ ನೋಡಿದ್ದು ಆಗಲೇ. ಎಷ್ಟು ಅಗಲದ ಎದೆ, ಎಷ್ಟು ಎತ್ತರದ ನೆತ್ತಿ! "ನೀನು ಬೆಟ್ಟ," ಎಂದಳು. ಬೆಟ್ಟ ಬೆನ್ನು ನೆಟ್ಟಗೆ ಮಾಡಿತು. ಎದುರಿಗೆ ಕುರುಚಲು ಗಿಡ ಹೊದ್ದು ನಿಂತದ್ದಕ್ಕೆ ಗುಡ್ಡ ಎಂದಳು. ಅದರಾಚೆ ಕೊಂಬಿನ ಹಾಗೆ ಚೂಪಾಗಿದ್ದದ್ದಕ್ಕೆ ಕೋಡುಗಲ್ಲು ಎಂದಳು. ಆಮೇಲೆ ಹದ್ದಿನ ಕಡೆ ತಿರುಗಿ, ಕೆಂಚಿ ನಿಂತದ್ದು ಹೇಗಿದೆ ಎಂದು ಕೇಳಿದಳು. ಕಲ್ಲಿಲ್ಲ, ಬರೀ ಮಣ್ಣು, ಕುಳ್ಳಗೆ ದುಂಡಗೆ ಇದೆ ಎಂದಿತು ಹದ್ದು.

"ಹಾಗಾದರೆ ಅದು ದಿಬ್ಬ," ಎಂದು ಬೊಮ್ಮಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು. "ದಿಬ್ಬಾ…"

ಬೆಟ್ಟ ಆ ಕೂಗನ್ನು ಎತ್ತಿಕೊಂಡು ದಾಟಿಸಿತು. ಗುಡ್ಡ ದಾಟಿಸಿತು. ಕೋಡುಗಲ್ಲು ದಾಟಿಸಿತು. ಆಮೇಲೆ ಬಹಳ ಹೊತ್ತು ಮಳೆಯ ಸದ್ದು ಮಾತ್ರ. ಕಡೆಗೆ ತೀರಾ ದೂರದಿಂದ, ಬಾಯಿತುಂಬ ಕೆಸರು ತುಂಬಿಕೊಂಡವರ ಹಾಗೆ, ಒಂದು ಸಣ್ಣ ದನಿ ಬಂತು. "ದಿಬ್ಬಾ… ಇಲ್ಲಿದ್ದೇನೆ. ಬೇಗ ಬಾ, ಕರಗುತ್ತಿದ್ದೇನೆ."

ಬೊಮ್ಮಕ್ಕ ಹರಿಗೋಲನ್ನು ನೀರಿಗೆ ಬಿಟ್ಟಳು. ಸುಳಿ ಅವಳನ್ನು ದಿಕ್ಕು ತಪ್ಪಿಸಿದಾಗಲೆಲ್ಲ ಕೂಗಿದಳು. ದನಿ ಬಂದ ಕಡೆ ಹುಟ್ಟು ಹಾಕಿದಳು. ಕೂಗುತ್ತಾ ಹುಟ್ಟು ಹಾಕುತ್ತಾ ಹೋದಳು.

ಮಂಡಿಯುದ್ದ ನೀರಿನಲ್ಲಿ ಕೆಂಚಿ ನಿಂತಿದ್ದಳು. ತಲೆಯ ಮೇಲೆ ಕೂಸು, ಕಂಕುಳಲ್ಲಿ ಒಂದು ಮರಿ. ಉಳಿದ ಕುರಿಗಳಲ್ಲಿ ಅರ್ಧ ಕೊಚ್ಚಿಹೋಗಿದ್ದವು. ಬೊಮ್ಮಕ್ಕ ಮೊದಲು ಕೂಸನ್ನು ಇಸಿದುಕೊಂಡಳು, ಆಮೇಲೆ ತಂಗಿಯ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ಕೆಂಚಿಯ ಹಲ್ಲು ಚಳಿಗೆ ಕಟಕಟ ಎನ್ನುತ್ತಿದ್ದವು.

"ನೀನು ಬರ್ತೀಯ ಅಂತ ಇದು ಹೇಳ್ತಾನೇ ಇತ್ತು ಅಕ್ಕಾ," ಎಂದು ಅವಳು ಕಾಲಡಿಯ ಮಣ್ಣನ್ನು ತೋರಿಸಿದಳು. "ಅಲ್ಲೀತನಕ ಕರಗಬಾರದು ಅಂತ ಹಲ್ಲು ಕಚ್ಚಿಕೊಂಡು ನಿಂತಿತ್ತು."

ನೀರು ಇಳಿಯಿತು. ದಿಬ್ಬ ಸವೆದು ಅರ್ಧವಾಗಿದ್ದರೂ ಉಳಿದಿತ್ತು, ವಾರದೊಳಗೆ ಅದರ ಮೇಲೆ ಹಸಿರು ಚಿಗುರಿತು. ಅಕ್ಕತಂಗಿಯರು ಊರೂರು ತಿರುಗಿ ಕಂಡ ಕಂಡ ಉಬ್ಬಿಗೆಲ್ಲ ಹೆಸರಿಟ್ಟರು. ಉದ್ದಕ್ಕೆ ಮಲಗಿದ್ದಕ್ಕೆ ದಿಣ್ಣೆ, ಕಲ್ಲು ಕಲ್ಲಾಗಿ ಬೋಳಾಗಿದ್ದದ್ದಕ್ಕೆ ಮರಡಿ, ಚಾಪೆಯಂತೆ ಹರಡಿದ್ದಕ್ಕೆ ಹಾಸುಬಂಡೆ. ಕೆಂಚಿಯ ಕೂಸು ಮಾತು ಕಲಿತಾಗ ಮೊದಲು ಅಂದದ್ದು ಅವ್ವ ಎಂದಲ್ಲ, ದಿಬ್ಬ ಎಂದು. ಕೆಂಚಿ ಅದಕ್ಕೆ ಬೇಸರಪಡಲಿಲ್ಲ.

ಅಂದಿನಿಂದ ಬೆಟ್ಟಗಳು ಯಾರ ಕೂಗನ್ನೂ ಕೇಳದ ಹಾಗೆ ಸುಮ್ಮನಿರುವುದಿಲ್ಲ. ಈಗಲೂ ನೀನು ಬೆಟ್ಟದೆದುರು ನಿಂತು ಕೂಗಿದರೆ ಅದು ನಿನ್ನ ಮಾತನ್ನೇ ಎತ್ತಿಕೊಂಡು ಗುಡ್ಡಕ್ಕೆ ದಾಟಿಸುತ್ತದೆ, ಗುಡ್ಡ ಇನ್ನೊಂದಕ್ಕೆ ದಾಟಿಸುತ್ತದೆ, ಹಾಗೆ ಸಣ್ಣದಾಗುತ್ತಾ ಸಣ್ಣದಾಗುತ್ತಾ ಹೋಗಿ ಕೊನೆಗೆ ಕೇಳಿಯೂ ಕೇಳದಂತೆ ಬರುವ ದನಿ ಇದೆಯಲ್ಲ, ಅದು ದೂರದಲ್ಲೆಲ್ಲೋ ಇರುವ ದಿಬ್ಬದ್ದು.