ಏಳು ತೂತಿನ ಮಗ್ಗ

ಶಿಷ್ಯೆ ಕೇಳಿದಳು: "ಗುರುಗಳೇ, ಹಳ್ಳಿಯ ದಾದಿಯರು ಲಸಿಕೆಯ ವಿವರ ಬರೆದಿಡಲು ಒಂದು ತಂತ್ರಾಂಶ ಮಾಡುತ್ತಿದ್ದೇನೆ. ಅವರು ಕೇಳಿದ್ದು ಒಂದೇ ಬಗೆಯ ಪಟ್ಟಿ. ನಾಳೆ ಬೇರೆ ಬಗೆ ಬೇಕಾದೀತೆಂದು ಎಲ್ಲವನ್ನೂ ಬದಲಿಸಿಕೊಳ್ಳಲು ಬರುವಂತೆ ಮಾಡಿದ್ದೇನೆ. ಸರಳವಾಗಿಯೇ ಬಿಡಬೇಕಿತ್ತೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಡಗಿಯಿದ್ದ. ಅವನ ಬಳಿಗೆ ಕಣ್ಣು ಕಾಣದ ಒಬ್ಬ ನೇಕಾರ ಬಂದ. ನೇಕಾರನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಪಂಚೆ ನೇಯ್ದು, ತಾನೇ ಬೇಯಿಸಿ ಉಂಡು, ಯಾರ ಹಂಗೂ ಇಲ್ಲದೆ ಬದುಕುತ್ತಿದ್ದ. ಅವನ ಮಗ್ಗಕ್ಕೆ ಗೆದ್ದಲು ಹಿಡಿದಿತ್ತು.

"ಹಳೆಯದರ ಹಾಗೆಯೇ ಇನ್ನೊಂದು ಮಾಡಿಕೊಡು ಮಾರಾಯ. ಎರಡು ಕಂಬ, ಕಂಬಕ್ಕೊಂದು ತೂತು, ತೂತಿಗೊಂದು ಗೂಟ, ಗೂಟಗಳ ಮೇಲೆ ನೂಲು ಸುತ್ತುವ ದಿಂಡು. ಅಷ್ಟೇ."

"ನಾಳೆ ಕಂಬಳಿ ನೇಯಬೇಕು ಅನ್ನಿಸಿದರೆ?"

"ಅನ್ನಿಸಿದ ದಿನ ನಿನ್ನ ಬಾಗಿಲು ತಟ್ಟುತ್ತೇನೆ. ನಿನ್ನ ಮನೆ ದಾರಿ ನನಗೆ ಕತ್ತಲಲ್ಲೂ ಗೊತ್ತು."

ಬಡಗಿ ನಕ್ಕ. ಆದರೆ ಮಾತು ಒಳಗೆ ಇಳಿಯಲಿಲ್ಲ. ಹಿಂದೊಮ್ಮೆ ಒಬ್ಬ ವ್ಯಾಪಾರಿ, ಪೆಟ್ಟಿಗೆ ಚಿಕ್ಕದಾಯಿತೆಂದು ಅವನನ್ನು ನಾಲ್ಕು ಜನರ ಮುಂದೆ ಹಂಗಿಸಿದ್ದ. ಅಂದಿನಿಂದ ಅವನು ಯಾವುದನ್ನೂ ಒಂದೇ ಕೆಲಸಕ್ಕೆಂದು ಮಾಡಿದವನಲ್ಲ. ಬೈರಿಗೆ ಹಿಡಿದು ಒಂದೊಂದು ಕಂಬಕ್ಕೂ ಏಳೇಳು ತೂತು ಕೊರೆದ. ಪಂಚೆಗೊಂದು, ಕಂಬಳಿಗೊಂದು ಎಂದು ದಿಂಡನ್ನು ಏಳು ಎತ್ತರಗಳಲ್ಲಿ ಕೂರಿಸಬಹುದಿತ್ತು. ಅಂಥ ಮಗ್ಗ ಸುತ್ತಲಿನ ಊರುಗಳಲ್ಲಿ ಇರಲಿಲ್ಲ. ನೋಡಿದವರು ಹೊಗಳಿದರು. ನೇಕಾರ ಮಾತ್ರ ಕಂಬವನ್ನು ತಡವಿ, ತೂತುಗಳನ್ನು ಒಂದೊಂದಾಗಿ ಎಣಿಸಿದ.

ಹೊಸ ನೂಲು ಏರಿಸುವಾಗಲೆಲ್ಲ ಗೂಟ ಕಿತ್ತು ಮತ್ತೆ ಹೊಡೆಯಬೇಕು. ನೇಕಾರ ಬೆರಳಲ್ಲಿ ತೂತು ಎಣಿಸಿ ಹೊಡೆಯುತ್ತಿದ್ದ. ಒಂದು ದಿನ ಎಣಿಕೆ ತಪ್ಪಿತು. ಎಡಗಡೆಯ ಗೂಟ ಮೂರನೆಯದಕ್ಕೆ, ಬಲಗಡೆಯದು ನಾಲ್ಕನೆಯದಕ್ಕೆ. ದಿಂಡು ವಾರೆಯಾಯಿತು, ಪಂಚೆಯೂ ವಾರೆಯಾಯಿತು. ಕೊಂಡವನು ಹಿಂದಕ್ಕೆ ತಂದು ಹಾಕಿದಾಗಲೇ ನೇಕಾರನಿಗೆ ತಿಳಿದದ್ದು.

ಅವನು ಬಡಗಿಯ ಬಾಗಿಲು ತಟ್ಟಿದ.

"ಮೊದಲು ತಪ್ಪುವುದಕ್ಕೆ ಜಾಗವೇ ಇರಲಿಲ್ಲಪ್ಪ. ಈಗ ಆರು ಜಾಗ ಇದೆ."

"ರೂಢಿಯಾಗುತ್ತದೆ ಬಿಡು," ಎಂದ ಬಡಗಿ. ಅಷ್ಟು ಚೆಂದದ ಕಂಬದ ತೂತು ಮುಚ್ಚಲು ಅವನಿಗೆ ಮನಸ್ಸಾಗಲಿಲ್ಲ.

ರೂಢಿಯಾಗಲಿಲ್ಲ. ಎಣಿಕೆ ಸರಿಯಿದ್ದ ದಿನವೂ ನೇಕಾರ ಮೂರು ಸಲ ತಡವಿ ನೋಡುತ್ತಿದ್ದ. ಆಮೇಲೆ ಪಕ್ಕದ ಮನೆಯವನನ್ನು ಕರೆಯತೊಡಗಿದ. ಪಕ್ಕದ ಮನೆಯವನು ಪುರುಸೊತ್ತಾದಾಗ ಬರುತ್ತಿದ್ದ. ನೇಕಾರ ಕಾಯುತ್ತಿದ್ದ. ಕಾಯುವ ದಿನಗಳು ಹೆಚ್ಚಿ ನೇಯುವ ದಿನಗಳು ಕಡಿಮೆಯಾದವು. ಒಂದು ದಿನ ಕರೆಯುವುದನ್ನೂ ಬಿಟ್ಟ, ನೇಯುವುದನ್ನೂ ಬಿಟ್ಟ.

ಮೂರು ವರ್ಷದ ಮೇಲೆ, ನೇಕಾರ ಛತ್ರದ ಬಿಟ್ಟಿ ಊಟಕ್ಕೆ ಸಾಲಿನಲ್ಲಿ ಕೂತಿದ್ದನ್ನು ಬಡಗಿ ಕಂಡ. ಮನೆಗೆ ಬಂದು ಹನ್ನೆರಡು ಮರದ ಬಿರಟೆ ಕೆತ್ತಿದ. ಮರುದಿನ ನೇಕಾರನ ಮನೆಗೆ ಹೋಗಿ, ಧೂಳು ಒರೆಸಿ, ಕಂಬಕ್ಕೊಂದನ್ನು ಬಿಟ್ಟು ಉಳಿದ ತೂತುಗಳನ್ನೆಲ್ಲ ಮುಚ್ಚಿದ.

ನೇಕಾರ ಕಂಬವನ್ನು ಮೇಲಿಂದ ಕೆಳಗೆ ತಡವಿದ. ಒಂದೇ ತೂತು ಸಿಕ್ಕಿತು. ಅವನ ಮುಖ ಅರಳಿತು. ಗೂಟ ಹೊಡೆದು, ಕೂತು, ಲಾಳಿ ಎಸೆದ. ಲಾಳಿ ನಡುವೆಯೇ ಬಿತ್ತು. ಮತ್ತೆ ಎಸೆದ. ಮತ್ತೆ ಬಿತ್ತು. ಅವನ ಬೆರಳುಗಳು ಸೆಟೆದುಹೋಗಿದ್ದವು.

"ನೀನೇನು ಮಾಡುತ್ತೀಯ ಬಿಡು," ಎಂದು ನೇಕಾರ ಬಡಗಿಗೇ ಸಮಾಧಾನ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಕೇಳಿದಳು: "ಆದರೆ ಅವನಿಗೆ ನಿಜವಾಗಿಯೂ ಕಂಬಳಿ ನೇಯಬೇಕಾಗಿ ಬಂದಿದ್ದರೆ?"

"ತೂತು ಕೊರೆಯುವ ಬೈರಿಗೆ ಬೇಕಾದ ದಿನಕ್ಕೂ ಬಡಗಿಯ ಬಳಿ ಇರುತ್ತಿತ್ತು, ತಾಯಿ. ನೇಯುವ ಕೈ ಮಾತ್ರ ಉಳಿಯಲಿಲ್ಲ."