ಭರಮಜ್ಜನ ಮಟ್ಟು

ತುಂಗಭದ್ರೆಯ ದಂಡೆಯ ಹಾಳು ಮಂಟಪದಲ್ಲಿ ಭರಮಜ್ಜ ಎಂಬ ಕಿನ್ನರಿ ಜೋಗಿ ಇದ್ದ. ಅವನ ಹತ್ತಿರ ಒಂಬತ್ತು ವರ್ಷ ಇದ್ದು ಕಲಿತವನು ಹುಲುಗಪ್ಪ ಒಬ್ಬನೇ.

ಉಳಿದವರು ಬಂದರು, ಕೇಳಿದರು, ಹೋದರು. ಅವರ ಕಿವಿಯಿಂದ ಕಿವಿಗೆ ಅಜ್ಜನ ಒಂದು ಮಟ್ಟು ಊರೂರು ದಾಟಿತು. ನಾಟಕದವರು ಅದನ್ನು ಹಾರ್ಮೋನಿಯಂಗೆ ಹಾಕಿಕೊಂಡರು, ಭಜನೆಯವರು ಅದಕ್ಕೆ ಪದ ಕಟ್ಟಿದರು. ಹೆಸರು ಮಾತ್ರ ಮಂಟಪ ಬಿಟ್ಟು ಕದಲಲಿಲ್ಲ.

ಲಕ್ವ ಹೊಡೆದು ಅಜ್ಜನ ಎಡಗೈ ಬಿದ್ದುಹೋದ ಮೇಲೆ ಹುಲುಗಪ್ಪ ಕಿನ್ನರಿ ಹೊತ್ತು ಪಟ್ಟಣಕ್ಕೆ ಹೋದ. ದೊಡ್ಡ ಸಭೆಯಲ್ಲಿ ಅದೇ ಮಟ್ಟು ನುಡಿಸಿ, ಇದು ನನ್ನ ಗುರುವಿನದು ಎಂದ. ಸಭೆ ನಕ್ಕಿತು. ಹೆಸರಾಂತ ಗವಾಯಿಯೊಬ್ಬರದನ್ನು ಕದ್ದು ಯಾವನೋ ಜೋಗಿಯ ಹೆಸರಿಗೆ ಕಟ್ಟುತ್ತಾನೆಂದು ಅವನನ್ನು ವೇದಿಕೆಯಿಂದ ಇಳಿಸಿದರು.

ನಾಲ್ಕನೇ ದಿನ ಅವನು ಮಂಟಪಕ್ಕೆ ಮರಳಿದ. ನಡೆದದ್ದನ್ನೆಲ್ಲ ಹೇಳಿದ. ಗಾಡಿ ಮಾಡಿಕೊಂಡು ಬರುತ್ತೇನೆ, ಒಂದೇ ಒಂದು ಸಲ ಬಂದು ಆ ಜನರ ಮುಂದೆ ಕೂತುಕೊಳ್ಳಿ ಎಂದು ಕಾಲು ಹಿಡಿದ.

ಅಜ್ಜ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಬಾರಿಸು," ಎಂದ.

ಹುಲುಗಪ್ಪ ಬಾರಿಸಿದ. ಮಟ್ಟು ಏರಿಗೆ ಬಂತು. ಎಲ್ಲ ಊರಿನಲ್ಲೂ ಜನ ಕಣ್ಣೊರೆಸಿಕೊಳ್ಳುವುದು ಅಲ್ಲೇ.

"ಸಾಕು."

ಅಜ್ಜ ಹೊಳೆಯ ಕಡೆ ತಿರುಗಿ ಕೂತ. ಆಮೇಲೆ, ಎಂದೂ ಹೇಳದ್ದನ್ನು ಹೇಳಿದ. ಮೂವತ್ತು ವರ್ಷದ ಹಿಂದೆ, ಹೊಳೆ ತುಂಬಿ ಹರಿಯುತ್ತಿದ್ದಾಗ, ಹೆಂಡತಿ ತಿಪ್ಪವ್ವ ಇದೇ ಮಂಟಪದಲ್ಲಿ ಎರಡು ದಿನ ಹೆರಿಗೆ ನೋವು ತಿಂದಿದ್ದಳು. ಸೂಲಗಿತ್ತಿ ಆಚೆ ದಂಡೆಯಲ್ಲಿ. ಹರಿಗೋಲಿನವನು ಆ ನೀರಿಗೆ ಇಳಿಯಲು ಒಪ್ಪಲಿಲ್ಲ. ಆಕೆಯ ನರಳಾಟ ಕೇಳಲಾರದೆ ಅಜ್ಜ ಕಿನ್ನರಿ ಎತ್ತಿಕೊಂಡಿದ್ದ. ಮಟ್ಟು ಹುಟ್ಟಿದ್ದು ಆಗ.

"ಈಗ ಬಾರಿಸಿದಿಯಲ್ಲ, ಆ ಏರು. ಅಲ್ಲಿಗೆ ಬಂದಾಗ ಆಕಿ ಅಂದಳು, ಅದನ್ನ ಕೆಳಗಿಡು, ನನ್ನ ಕೈ ಹಿಡಿ ಅಂತ."

"ಹಿಡಿದ್ರಾ, ಅಜ್ಜಾ?"

"ಅಂಜಿಕಿ ಆತು. ಇನ್ನೂ ಜೋರು ಬಾರಿಸಿದೆ."

ತಾಯಿ ಮಗು ಇಬ್ಬರೂ ಉಳಿಯಲಿಲ್ಲ.

ಹುಲುಗಪ್ಪ ಕಿನ್ನರಿಯನ್ನು ನೆಲಕ್ಕಿಟ್ಟ. ಇಷ್ಟು ಸಂಕಟ ಉಂಡು ಕಟ್ಟಿದ್ದನ್ನು ಇನ್ನೊಬ್ಬರು ತಮ್ಮದೆಂದರೆ ಹೇಗೆ ತಾಳಲಿ ಎಂದು ಅತ್ತ.

"ಅದು ನಿಮ್ಮದಲ್ಲ ಅಂದರು, ಅಜ್ಜಾ. ಇಡೀ ಸಭೆನೇ ಅಂತು."

ಅಜ್ಜ ಬಲಗೈಯಿಂದ ತನ್ನ ಸತ್ತ ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಹಂಗ ಅನ್ನೋರು ಒಬ್ಬರಾದ್ರೂ ಸಿಗಲಿ ಅಂತ ಮೂವತ್ತು ವರ್ಷ ಕಾದೆ, ತಮ್ಮಾ."